ಇಂಗ್ಲಿಷ್ ನುಡಿಗಟ್ಟು ಮತ್ತು ನಮ್ಮ ಮನೆಮಾತು

ಒಂದು ಭಾಷೆಯ ಪದಗಳನ್ನು ನಿಘಂಟಿನ ನೆರವಿನಿಂದ ಕಲಿಯಬಹುದು. ವ್ಯಾಕರಣವನ್ನು ಗುರುಮುಖೇನ ಅರಿಯಬಹುದು. ಆದರೆ ಅದರ ನುಡಿಗಟ್ಟುಗಳನ್ನು ಆ ಭಾಷೆಯನ್ನಾಡುವ ಜನರ ಬದುಕಿನೊಳಗೆ ಹೊಕ್ಕಲ್ಲದೆ ಕಲಿಯಲಾಗದು. ಬಿಡಿಬಿಡಿಯಾಗಿ ನೋಡಿದರೆ ಒಂದು ಅರ್ಥ, ಕೂಡಿಸಿ ನೋಡಿದರೆ ಮತ್ತೊಂದು ಅರ್ಥ ಎಂಬುದೇ ನುಡಿಗಟ್ಟಿನ ಲಕ್ಷಣ. ‘ಕಾಲಿಗೆ ಬುದ್ಧಿ ಹೇಳಿದ’ ಎಂಬಲ್ಲಿ ಕಾಲು, ಬುದ್ಧಿ, ಹೇಳು ಈ ಮೂರರ ಅರ್ಥವನ್ನೂ ಬಲ್ಲ ಪರಭಾಷಿಕನಿಗೆ ಓಡಿಹೋದ ಮನುಷ್ಯ ಕಣ್ಣಿಗೆ ಬೀಳುವುದಿಲ್ಲ. ಅದರಂತೆಯೇ ‘ಕಿಕ್ ದಿ ಬಕೆಟ್’ ಎಂಬುದನ್ನು ಕೇಳಿ ಬಾಲ್ದಿಯನ್ನು ಒದ್ದವನನ್ನು ಕಲ್ಪಿಸಿಕೊಳ್ಳುವ ವಿದ್ಯಾರ್ಥಿಗೆ ಸತ್ತ ಮನುಷ್ಯ ಕಾಣಿಸುವುದಿಲ್ಲ. ಇಂಗ್ಲಿಷಿನ ಇಂಥ ಬಳಕೆಯ ನುಡಿಗಟ್ಟುಗಳ ಅರ್ಥವೇನು, ಅವು ಕನ್ನಡಕ್ಕೆ ಬಂದಾಗ ಏನಾಗುತ್ತದೆ, ಮುಂಬಯಿಯಂಥ ಹೊರನಾಡಿನಲ್ಲಿ ಕನ್ನಡವನ್ನು ಓದುವ ನಮ್ಮ ವಿದ್ಯಾರ್ಥಿಗಳು ಅವುಗಳೊಡನೆ ಹೇಗೆ ವ್ಯವಹರಿಸಬೇಕು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಂಡಿದ್ದೇನೆ.

ಈ ಪ್ರಶ್ನೆಗಳು ನನ್ನನ್ನು ಕಾಡಲು ಒಂದು ಹಳೆಯ ತಪ್ಪು ಕಾರಣ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ, ಭಾಷಾಂತರದ ಪತ್ರಿಕೆಯಲ್ಲಿ ‘ಬ್ಲೆಸಿಂಗ್ ಇನ್ ಡಿಸ್‌ಗೈಸ್’ ಎಂಬುದಕ್ಕೆ ಕನ್ನಡದ ಸಮಾನ ನುಡಿಯನ್ನು ಕೇಳಿದ್ದೆ. ನಾನು ಸಿದ್ಧಪಡಿಸಿಕೊಂಡಿದ್ದ ಮಾದರಿ ಉತ್ತರ ‘ವೇಷ ಮರೆಸಿ ಬಂದ ವರ’. ಬಹುಪಾಲು ವಿದ್ಯಾರ್ಥಿಗಳು ಅದರ ಹತ್ತಿರಕ್ಕೆ ಬರುವಂಥದ್ದನ್ನೇ ಬರೆದಿದ್ದರು. ಗಿರಣಿ ಕಾರ್ಮಿಕರೊಬ್ಬರ ಮಗಳು, ವಿಜಾಪುರದ ಕಡೆಯವಳು, ‘ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು’ ಎಂದು ಬರೆದಿದ್ದಳು. ಅದು ಗಾದೆಯಾಯಿತು, ಅನುವಾದವಾಗಲಿಲ್ಲ. ಗ್ರಾಂಥಿಕವೂ ಅಲ್ಲ ಎಂದುಕೊಂಡು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅರ್ಧ ಅಂಕ ಕೊಟ್ಟೆ. ಉತ್ತರಪತ್ರಿಕೆಗಳನ್ನು ಹಿಂದಿರುಗಿಸಿದ ಸಂಜೆ ಆಕೆ ಎದ್ದು ನಿಂತು, “ಸರ್, ನಮ್ಮವ್ವ ಹಿಂಗ ಅಂತಾಳ್ರಿ. ತಪ್ಪೇನ್ರಿ?” ಎಂದು ಕೇಳಿದಳು. ಪರೀಕ್ಷೆಯಲ್ಲಿ ಅವ್ವನ ಮಾತನ್ನು ಬರೆಯುವಂತಿಲ್ಲ ಎಂಬ ಧಾಟಿಯಲ್ಲಿ ಏನನ್ನೋ ಹೇಳಿ ಕುಳ್ಳಿರಿಸಿದೆ. ಇತರರು ನಕ್ಕರು. ಆಕೆ ಆಮೇಲೆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಈಗ ಯೋಚಿಸಿದರೆ, ಆ ತರಗತಿಯಲ್ಲಿ ಇಂಗ್ಲಿಷ್ ನುಡಿಗಟ್ಟನ್ನು ನಿಜವಾಗಿ ಅರ್ಥ ಮಾಡಿಕೊಂಡಿದ್ದವಳು ಆಕೆಯೊಬ್ಬಳೇ. ಮೊದಲಿಗೆ ಕೇಡಾಗಿ ತೋರಿದ್ದು ಕೊನೆಗೆ ಒಳಿತಾಗಿ ಪರಿಣಮಿಸಿತು ಎಂಬುದು ಆ ನುಡಿಗಟ್ಟಿನ ತಿರುಳು. ರೊಟ್ಟಿ ಕೈಯಿಂದ ಜಾರಿದ್ದು ಕೇಡು. ಬಿದ್ದದ್ದು ತುಪ್ಪಕ್ಕೆ ಎಂಬುದು ಒಳಿತು. ಎರಡು ಭಾಗಗಳೂ ಅಚ್ಚುಕಟ್ಟಾಗಿ ಹೊಂದುತ್ತವೆ. ನನ್ನ ‘ವೇಷ ಮರೆಸಿ ಬಂದ ವರ’ವಾದರೋ ಇಂಗ್ಲಿಷ್ ಬಲ್ಲವನಿಗೆ ಅನವಶ್ಯಕ, ಇಂಗ್ಲಿಷ್ ಅರಿಯದವನಿಗೆ ಅನರ್ಥ.

ಹಾಗೆಂದು ಇಂಗ್ಲಿಷಿನಿಂದ ನುಡಿಗಟ್ಟುಗಳನ್ನು ತರಲೇಬಾರದು ಎಂಬ ಮಡಿವಂತಿಕೆಗೆ ನನ್ನ ಸಮ್ಮತಿಯಿಲ್ಲ. ನುಡಿಗಟ್ಟುಗಳು ಗಡಿ ದಾಟುವುದು ಹೊಸದಲ್ಲ. ಇಂಗ್ಲಿಷಿನವು ಎಂದು ನಾವು ತಿಳಿದಿರುವ ಎಷ್ಟೋ ನುಡಿಗಟ್ಟುಗಳು ಇಂಗ್ಲಿಷಿನಲ್ಲಿ ಹುಟ್ಟಿದವಲ್ಲ. ‘ಅಪರಾಧವನ್ನು ಬೇರೆಯವರ ತಲೆಗೆ ಕಟ್ಟು’ ಎಂಬರ್ಥದಲ್ಲಿ ಬಳಕೆಯಾಗುವ ‘ಸ್ಕೇಪ್‌ಗೋಟ್’ ಎಂಬ ಪದವನ್ನು ವಿಲಿಯಂ ಟಿಂಡೇಲ್ 1530ರಲ್ಲಿ ಹೀಬ್ರೂ ಧರ್ಮಗ್ರಂಥವನ್ನು ಅನುವಾದಿಸುವಾಗ ಸೃಷ್ಟಿಸಿದನು. ‘ಗೋಡೆಯ ಮೇಲಿನ ಬರಹ’ ಬೈಬಲಿನ ದಾನಿಯೇಲನ ಗ್ರಂಥದಿಂದ ಬಂದದ್ದು. ‘ಸಿಂಹಪಾಲು’ ಈಸೋಪನ ಕಥೆಯದು. ‘ಇಟ್ ಗೋಸ್ ವಿದೌಟ್ ಸೇಯಿಂಗ್’ ಎಂಬುದು ಫ್ರೆಂಚ್ ಮಾತಿನ ಪದಶಃ ಅನುವಾದ. ನೇರವಾಗಿ ಮಾತನಾಡುವುದು ಎಂಬರ್ಥದ ‘ಗುದ್ದಲಿಯನ್ನು ಗುದ್ದಲಿ ಎನ್ನುವುದು’ ಎಂಬ ನುಡಿಗಟ್ಟಿನ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಪ್ಲುಟಾರ್ಕನ ಗ್ರೀಕ್ ಮಾತಿನಲ್ಲಿದ್ದದ್ದು ಮರದ ತೊಟ್ಟಿ. 16ನೆಯ ಶತಮಾನದಲ್ಲಿ ಎರಾಸ್ಮಸ್ ಅದನ್ನು ಲ್ಯಾಟಿನ್ನಿಗೆ ತರುವಾಗ ತೊಟ್ಟಿಯ ಜಾಗದಲ್ಲಿ ಗುದ್ದಲಿಯ ಪದವನ್ನಿಟ್ಟನು. 1542ರಲ್ಲಿ ನಿಕೊಲಸ್ ಯೂಡಾಲ್ ಆ ಗುದ್ದಲಿಯನ್ನೇ ಇಂಗ್ಲಿಷಿಗೆ ಕೊಟ್ಟನು. ಹೀಗೆ ತಪ್ಪು ಅನುವಾದವೊಂದು ನಾಲ್ಕೂವರೆ ಶತಮಾನಗಳಿಗೂ ಮೇಲ್ಪಟ್ಟು ಒಂದು ಭಾಷೆಯ ಆಸ್ತಿಯಾಗಿ ಬಾಳಿದೆ. ನಮ್ಮ ಪುರಿಯ ಜಗನ್ನಾಥನ ರಥ ಇಂಗ್ಲಿಷಿಗೆ ಹೋಗಿ ‘ಜಗ್ಗರ್‌ನಾಟ್’ ಆಗಿ, ಎದುರಿಗೆ ಸಿಕ್ಕದ್ದನ್ನೆಲ್ಲ ಹೊಸಕಿಹಾಕುವ ಶಕ್ತಿ ಎಂಬ ಅರ್ಥವನ್ನು ಹೊತ್ತಿದೆ. ಭಕ್ತರು ಎಳೆಯುವ ತೇರು ಅವರ ಕಣ್ಣಿಗೆ ಕಂಡ ಬಗೆ ಅದು.

ಕನ್ನಡಕ್ಕೂ ಇಂಗ್ಲಿಷಿನಿಂದ ಬಂದು ನೆಲೆಯೂರಿದ ನುಡಿಗಟ್ಟುಗಳು ಹಲವು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದಂದಿನಿಂದ ಪತ್ರಿಕೆ, ನ್ಯಾಯಾಲಯ, ಶಾಲೆ, ರೈಲು ಇವುಗಳ ಮೂಲಕ ಇಂಗ್ಲಿಷಿನ ಮಾತಿನ ಬಗೆ ನಮ್ಮಲ್ಲಿಗೆ ಹರಿದು ಬರುತ್ತಲೇ ಇದೆ. ‘ಬೆಳಕು ಚೆಲ್ಲು’, ‘ಪಾತ್ರ ವಹಿಸು’, ‘ಮೈಲಿಗಲ್ಲು’, ‘ಶೀತಲ ಸಮರ’, ‘ಸುವರ್ಣಾವಕಾಶ’ ಇವುಗಳಿಲ್ಲದೆ ನಾವು ಇಂದು ಒಂದು ಸಂಶೋಧನ ಲೇಖನವನ್ನೂ ಬರೆಯಲಾರೆವು. ‘ಹಸಿರು ನಿಶಾನೆ’ ಎಂಬುದನ್ನೇ ನೋಡಿ: ಭಾವ ಇಂಗ್ಲಿಷಿನದು, ‘ನಿಶಾನೆ’ ಪಾರಸಿಯದು, ‘ಹಸಿರು’ ನಮ್ಮದು. ಈ ಮೂರೂ ಕೂಡಿದ ಮಾತನ್ನು ಇಂದು ಯಾರೂ ಪರಕೀಯವೆನ್ನುವುದಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟ ನಗರದಲ್ಲಿ ಕುಳಿತು ಬರೆಯುತ್ತಿರುವ ನನಗೆ ‘ಮಾತು ಹಳಿ ತಪ್ಪಿತು’ ಎಂಬ ನುಡಿಗಟ್ಟು ಯಾವ ಹಳೆಯ ನುಡಿಗಟ್ಟಿಗೂ ಕಡಿಮೆಯಾಗಿ ತೋರುವುದಿಲ್ಲ. ಇವು ನಿಂತದ್ದು ಏಕೆಂದರೆ, ಇವುಗಳ ಹಿಂದಿನ ಚಿತ್ರ ನಮ್ಮ ಕಣ್ಣೆದುರಿಗಿದೆ. ಹಳಿ, ನಿಶಾನೆ, ದಾರಿಬದಿಯ ಕಲ್ಲು ಇವನ್ನು ಇಂಗ್ಲಿಷ್ ಬಾರದವರೂ ಕಂಡಿದ್ದಾರೆ.

ತೊಡಕು ಉಂಟಾಗುವುದು ಎರಡು ಕಡೆಗಳಲ್ಲಿ. ಮೊದಲನೆಯದು, ತಂದ ನುಡಿಗಟ್ಟು ಕನ್ನಡದಲ್ಲಿ ಆಗಲೇ ಇರುವ ನುಡಿಗಟ್ಟಿನೊಡನೆ ಡಿಕ್ಕಿ ಹೊಡೆದಾಗ. ಇಂಗ್ಲಿಷಿನಲ್ಲಿ ‘ಕೈ ಕೊಡುವುದು’ ಎಂದರೆ ನೆರವಾಗುವುದು. ಕನ್ನಡದಲ್ಲಿ ‘ಮಳೆ ಕೈಕೊಟ್ಟಿತು’, ‘ಗೆಳೆಯ ಕೈಕೊಟ್ಟ’ ಎಂದರೆ ನಂಬಿದವನನ್ನು ನಡುನೀರಿನಲ್ಲಿ ಬಿಟ್ಟುಹೋಗುವುದು. ರೈತರಿಗೆ ಸರಕಾರ ನೆರವಾಯಿತು ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ನನ್ನ ವಿದ್ಯಾರ್ಥಿಯೊಬ್ಬ ‘ಸರಕಾರ ರೈತರಿಗೆ ಕೈಕೊಟ್ಟಿತು’ ಎಂದು ಅನುವಾದಿಸಿದ್ದ. ಅವನ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಅರ್ಥ ಮಾತ್ರ ತಲೆಕೆಳಗಾಗಿತ್ತು. ‘ಕೈ ತೊಳೆದುಕೊಳ್ಳುವುದು’ ಕೂಡ ಹೀಗೆಯೇ. ಇಂಗ್ಲಿಷಿನಲ್ಲಿ ಅದು ಪಿಲಾತನ ಕಥೆಯಿಂದ ಬಂದು, ಹೊಣೆಯಿಂದ ಜಾರಿಕೊಳ್ಳುವುದು ಎಂಬ ಅರ್ಥವನ್ನು ಕೊಡುತ್ತದೆ. ನಮ್ಮ ಹಿರಿಯರು ಒಂದು ವಸ್ತುವಿನ ಚೆಲುವನ್ನು ಕೊಂಡಾಡುವಾಗ ‘ಕೈ ತೊಳೆದು ಮುಟ್ಟಬೇಕು’ ಎನ್ನುತ್ತಿದ್ದರು. ಇತ್ತ ಮುಂಬಯಿಯ ಹಿಂದಿಯಲ್ಲಿ ಕೈ ತೊಳೆದುಕೊಂಡು ಬೆನ್ನು ಹತ್ತುವುದು ಎಂದರೆ ಬಿಡದೆ ಕಾಡುವುದು. ಕ್ರಿಯೆ ಒಂದೇ; ಮೂರು ಸಮಾಜಗಳು ಅದರಲ್ಲಿ ಕಂಡದ್ದು ಮೂರು ಬೇರೆ ಬೇರೆ ಸಂಗತಿಗಳನ್ನು.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಅರ್ಥ ತಿಳಿಯುತ್ತದೆ, ಆದರೆ ಅನುಭವ ಒಗ್ಗುವುದಿಲ್ಲ. ಚಳಿನಾಡಿನ ಜನರಿಗೆ ಬಿಸುಪು ಪ್ರೀತಿಯ ಸಂಕೇತ, ತಣ್ಪು ಉಪೇಕ್ಷೆಯ ಸಂಕೇತ. ಅವರು ಅತಿಥಿಗೆ ‘ಬೆಚ್ಚನೆಯ ಸ್ವಾಗತ’ ನೀಡುತ್ತಾರೆ. ಒಲ್ಲದವನಿಗೆ ‘ತಣ್ಣನೆಯ ಭುಜ’ವನ್ನು ತೋರಿಸುತ್ತಾರೆ. ಬಿಸಿಲುನಾಡಿನ ನಾವಾದರೋ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ. ಬಹುಕಾಲದ ಮೇಲೆ ಮಗನನ್ನು ಕಂಡ ತಾಯಿಗೆ ‘ಕಣ್ಣು ತಂಪಾಯಿತು’. ಉಪಕಾರ ಮಾಡಿದ ಪುಣ್ಯಾತ್ಮರನ್ನು ‘ತಂಪು ಹೊತ್ತಿನಲ್ಲಿ ನೆನೆ’ಯುತ್ತೇವೆ. ಮನೆ ಬೆಚ್ಚಗಿರಬೇಕೆಂಬ ಬಯಕೆ ನಮಗೂ ಉಂಟು, ನಿಜ. ಆದರೆ ಉರಿಬಿಸಿಲಿನಲ್ಲಿ ನಡೆದು ಬಂದ ನೆಂಟನಿಗೆ ಕೈಕಾಲಿಗೆ ನೀರು ಕೊಟ್ಟು ಕುಳ್ಳಿರಿಸುವ ನಾಡಿನ ಭಾಷೆಯಲ್ಲಿ ಮಂತ್ರಿವರ್ಯರಿಗೆ ‘ಬೆಚ್ಚನೆಯ ಸ್ವಾಗತ’ ಕೋರಿದರೆಂದು ಬರೆದಾಗ, ಬರೆದವನ ಅನುಭವವಾವುದೂ ಅದರ ಹಿಂದೆ ಇರುವುದಿಲ್ಲ. ಪ್ರಾಣಿಪಕ್ಷಿಗಳ ವಿಷಯದಲ್ಲಿಯೂ ಇದೇ ಕಥೆ. ಇಂಗ್ಲಿಷಿನ ಗೂಬೆ ಜ್ಞಾನಿ; ನಮ್ಮಲ್ಲಿ ತಪ್ಪನ್ನು ಅನ್ಯರ ಮೇಲೆ ಹೊರಿಸುವುದನ್ನು ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಸಯಾಮಿನ ದೊರೆ ತನಗಾಗದವನಿಗೆ ಬಿಳಿಯಾನೆಯನ್ನು ಉಡುಗೊರೆಯಿತ್ತು ಅದನ್ನು ಸಾಕುವ ಖರ್ಚಿನಲ್ಲಿಯೇ ಅವನನ್ನು ಮುಳುಗಿಸುತ್ತಿದ್ದನೆಂಬ ಕಥೆಯಿಂದ ‘ಬಿಳಿಯಾನೆ’ ಇಂಗ್ಲಿಷಿನಲ್ಲಿ ದಂಡದ ವಸ್ತುವಾಯಿತು. ಐರಾವತವನ್ನು ಬಲ್ಲ ನಮಗೆ ಬಿಳಿಯಾನೆ ಇಂದ್ರವೈಭವ. ಇಂಥಲ್ಲಿ ನುಡಿಗಟ್ಟನ್ನು ತರುವವನು ಅದರ ಹಿಂದಿನ ಕಥೆಯನ್ನೂ ತರಬೇಕು, ಇಲ್ಲವೆ ನಮ್ಮಲ್ಲಿರುವ ಬೇರೊಂದನ್ನು ಹುಡುಕಬೇಕು.

ಅಂಗಾಂಗಗಳನ್ನು ಗಮನಿಸಿದರೂ ಈ ಅಂತರ ಎದ್ದು ಕಾಣುತ್ತದೆ. ಇಂಗ್ಲಿಷ್ ತನ್ನ ಭಾವಗಳಲ್ಲಿ ಹೆಚ್ಚಿನವನ್ನು ಹೃದಯದಲ್ಲಿ ಇರಿಸಿದೆ. ಕನ್ನಡ ಅವನ್ನು ಎದೆ, ಹೊಟ್ಟೆ, ಕರುಳುಗಳಿಗೆ ಹಂಚಿಕೊಟ್ಟಿದೆ. ದುಃಖಕ್ಕೆ ಎದೆಯೊಡೆಯುತ್ತದೆ, ಅಸೂಯೆಗೆ ಹೊಟ್ಟೆ ಉರಿಯುತ್ತದೆ, ಮರುಕಕ್ಕೆ ಕರುಳು ಚುರುಕ್ಕೆನ್ನುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪನ್ನು ಕ್ಷಮಿಸಬೇಕೆಂದು ಕೇಳುವಾಗ ನಮ್ಮ ಹಳ್ಳಿಯವರು ‘ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತಾರೆ. ತಾಯಿಯ ಒಡಲು ಎಲ್ಲವನ್ನೂ ತಾಳಿಕೊಳ್ಳುವಂತೆ ನೀವೂ ತಾಳಿಕೊಳ್ಳಿ ಎಂಬ ಧ್ವನಿ ಅದರಲ್ಲಿದೆ. ‘ಸಾರಿ’ ಎಂಬ ಪದ ಇದಕ್ಕೆ ಸಾಟಿಯಲ್ಲ. ‘ಕ್ಷಮಿಸಿ’ ಎಂಬುದೂ ಸಾಟಿಯಲ್ಲ.

ನುಡಿಗಟ್ಟುಗಳು ಭಾಷೆಯ ಇತಿಹಾಸವನ್ನು ಕಾಪಾಡುತ್ತವೆ ಎಂಬುದನ್ನೂ ಇಲ್ಲಿ ಮರೆಯಲಾಗದು. ಇಂಗ್ಲಿಷಿನ ‘ಕಿತ್ ಅಂಡ್ ಕಿನ್’ನಲ್ಲಿರುವ ‘ಕಿತ್’ ಇಂದು ಬೇರೆಲ್ಲಿಯೂ ಬಳಕೆಯಲ್ಲಿಲ್ಲ. ಆ ಜೋಡಿಯಲ್ಲಿ ಮಾತ್ರ ಉಳಿದುಕೊಂಡಿದೆ. ಕನ್ನಡದ ‘ಹುಳುಹುಪ್ಪಟೆ’ಯ ‘ಹುಪ್ಪಟೆ’ಯ ಗತಿಯೂ ಅದೇ. ‘ಅತ್ತ ದರಿ, ಇತ್ತ ಪುಲಿ’ ಎಂದು ಇಂದಿಗೂ ಹೇಳುವ ಮನುಷ್ಯ, ಪಕಾರ ಹಕಾರವಾಗಿ ಶತಮಾನಗಳೇ ಕಳೆದರೂ, ತನಗರಿವಿಲ್ಲದೆ ಹಳಗನ್ನಡದ ಹುಲಿಯನ್ನು ಬಾಯಲ್ಲಿ ಸಾಕಿಕೊಂಡಿದ್ದಾನೆ. ಒಂದು ನುಡಿಗಟ್ಟು ಬಳಕೆತಪ್ಪಿದರೆ ಒಂದು ಪದ ಮಾತ್ರ ಹೋಗುವುದಿಲ್ಲ. ಅದರೊಡನೆ ಒಂದು ಧ್ವನಿರೂಪ, ಒಂದು ವೃತ್ತಿಯ ನೆನಪು, ಒಂದು ಆಚರಣೆಯ ಕುರುಹು ಹೊರಟುಹೋಗುತ್ತದೆ. ಪಿತೃತರ್ಪಣವನ್ನು ಕಾಣದವನಿಗೆ ‘ಎಳ್ಳುನೀರು ಬಿಟ್ಟ’ ಎಂಬುದು ತಿಳಿಯದು. ಅಡಕೆ ಕತ್ತರಿಸುವ ಅಡಕತ್ತರಿಯನ್ನು ಕಾಣದ ಡೊಂಬಿವಿಲಿಯ ಹುಡುಗನಿಗೆ ‘ಅಡಕತ್ತರಿಯಲ್ಲಿ ಸಿಕ್ಕಿದಂತಾಯಿತು’ ಎಂಬುದನ್ನು ವಿವರಿಸಿಯೇ ಹೇಳಬೇಕಾಗುತ್ತದೆ.

ಇಲ್ಲಿಗೆ ನಮ್ಮ ನಿಜವಾದ ಸಮಸ್ಯೆಗೆ ಬಂದೆವು. ನಮ್ಮ ವಿಭಾಗಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದವರು. ‘ಲೆಟ್ ದಿ ಕ್ಯಾಟ್ ಔಟ್ ಆಫ್ ದಿ ಬ್ಯಾಗ್’ ಎಂದರೇನೆಂದು ಅವರು ಥಟ್ಟನೆ ಹೇಳಬಲ್ಲರು. ‘ಗುಟ್ಟು ರಟ್ಟಾಯಿತು’ ಎಂಬುದನ್ನು ಹೇಳಲು ತಡವರಿಸುತ್ತಾರೆ. ‘ಕಡ್ಡಿ ಮುರಿದಂತೆ ಹೇಳಿದ’ ಎಂದರೆ ಕಡ್ಡಿ ಏಕೆ ಮುರಿದ ಎಂದು ಕೇಳುತ್ತಾರೆ. ಇದು ಅವರ ದೋಷವಲ್ಲ. ನುಡಿಗಟ್ಟು ತರಗತಿಯಲ್ಲಿ ಹುಟ್ಟುವುದಲ್ಲ. ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಜಗಳದಲ್ಲಿ, ಸಾವಿನ ಮನೆಯಲ್ಲಿ ಕಿವಿಗೆ ಬೀಳಬೇಕು. ಒಂದೂವರೆ ಕೋಣೆಯ ಮನೆಯಲ್ಲಿ, ತಂದೆತಾಯಿಗಳಿಬ್ಬರೂ ಲೋಕಲ್ ರೈಲಿನಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವ ಸಂಸಾರದಲ್ಲಿ, ಹಾಗೆ ಕಿವಿಗೆ ಬೀಳುವ ಅವಕಾಶವೇ ಕಡಿಮೆ. ಊರಿನಿಂದ ಅಜ್ಜಿ ಬಂದಿದ್ದಾಗ ಬೀಳುತ್ತದೆ. ಅಜ್ಜಿ ಹಿಂದಿರುಗಿದ ಮೇಲೆ ನಿಲ್ಲುತ್ತದೆ. ಇದರ ಮೇಲೆ ಈಗ ಮೊಬೈಲ್ ಫೋನಿನಲ್ಲಿ ಯಂತ್ರಾನುವಾದವೂ ಸುಲಭವಾಗಿ ದೊರೆಯುತ್ತದೆ. ಯಂತ್ರ ಕೊಟ್ಟ ಕನ್ನಡ ಸರಿಯೋ ತಪ್ಪೋ ಎಂದು ತೂಗಿ ನೋಡಲು ಓದುವವನ ಕಿವಿಯಲ್ಲಿ ಕನ್ನಡ ಇರಬೇಕಷ್ಟೆ. ಅದಿಲ್ಲದವನು ಚೀಲದಿಂದ ಹೊರಬಿದ್ದ ಬೆಕ್ಕನ್ನು ಹಾಗೆಯೇ ಒಪ್ಪಿಕೊಳ್ಳುತ್ತಾನೆ.

ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಯುವುದು ಉದ್ಯೋಗಕ್ಕೆ ಬೇಕು, ಅದಕ್ಕೆ ಅಡ್ಡಿ ಮಾಡಬಾರದು ಎಂದು ಕೆಲವರು ವಾದಿಸಬಹುದು. ನಾನು ಅಡ್ಡಿ ಮಾಡುತ್ತಿಲ್ಲ. ಚೆನ್ನಾಗಿ ಕಲಿಯಬೇಕು ಎನ್ನುತ್ತಿದ್ದೇನೆ. ಇಂಗ್ಲಿಷಿನವರೇ ತಮ್ಮ ಸವೆದ ನುಡಿಗಟ್ಟುಗಳ ಬಗ್ಗೆ ಎಚ್ಚರಿಕೆಯ ಮಾತನ್ನಾಡಿದ್ದಾರೆ. ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಅಚ್ಚಿನಲ್ಲಿ ಕಂಡು ಕಂಡು ಹಳಸಿದ ರೂಪಕಗಳನ್ನು ಬಳಸಬೇಡಿರೆಂದು ಲೇಖಕರಿಗೆ ಸಲಹೆ ನೀಡಿದನು. ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುವುದು ಎಂಬರ್ಥದ ‘ಟೋ ದಿ ಲೈನ್’ ಎಂಬುದನ್ನು ಹಗ್ಗ ಎಳೆಯುವುದೆಂಬ ಅರ್ಥ ಬರುವಂತೆ ತಪ್ಪು ಕಾಗುಣಿತದಲ್ಲಿ ಬರೆಯುವವರನ್ನು ಅವನು ಉದಾಹರಿಸುತ್ತಾನೆ. ಬರೆಯುವವನ ಮನಸ್ಸಿನಲ್ಲಿ ಚಿತ್ರವೇ ಇಲ್ಲ ಎಂಬುದಕ್ಕೆ ಅದು ಸಾಕ್ಷಿ ಎಂಬುದು ಅವನ ಆಕ್ಷೇಪ. ಮಾತೃಭಾಷಿಕರ ಪಾಡೇ ಹೀಗಿರುವಾಗ, ಅವರು ಸವೆಸಿ ಬಿಟ್ಟದ್ದನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದು ಹೊಸದೆಂದು ಬೀಗುವುದರಲ್ಲಿ ಅರ್ಥವಿಲ್ಲ. ಸಂಸ್ಕೃತವನ್ನು ವಿವೇಚನೆಯಿಲ್ಲದೆ ಕನ್ನಡದಲ್ಲಿ ಬೆರೆಸಿದವರನ್ನು 12ನೆಯ ಶತಮಾನದ ಆರಂಭದಲ್ಲಿಯೇ ನಯಸೇನ ಆಕ್ಷೇಪಿಸಿದ್ದ. ಅವನು ಸಂಸ್ಕೃತವನ್ನು ಅರಿಯದವನಲ್ಲ. ಯಾವುದರೊಡನೆ ಯಾವುದು ಬೆರೆಯುತ್ತದೆ ಎಂಬ ಹದವನ್ನು ಬಲ್ಲವನು. ನಮಗೆ ಬೇಕಾದದ್ದು ಆ ಹದ.

ಹೊಸ ನುಡಿಗಟ್ಟನ್ನು ಬರೆಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತೆಂದು ನನ್ನ ಅಭಿಮತ. ಇಂಗ್ಲಿಷ್ ಬಾರದ ಕನ್ನಡಿಗನಿಗೆ ಇದರ ಚಿತ್ರ ಕಾಣುತ್ತದೆಯೆ? ಇದೇ ಮಾತು ಕನ್ನಡದಲ್ಲಿ ಬೇರೊಂದು ಅರ್ಥದಲ್ಲಿ ಆಗಲೇ ನಿಂತಿದೆಯೆ? ಇದಕ್ಕೆ ನಮ್ಮ ಯಾವುದಾದರೂ ಸೀಮೆಯಲ್ಲಿ ಬಾಳುತ್ತಿರುವ ನುಡಿ ಇದೆಯೆ? ಮೂರನೆಯ ಪ್ರಶ್ನೆಗೆ ಉತ್ತರ ಹೇಳಲು ಸಾಧನಗಳ ಕೊರತೆಯಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಪದಗಳೊಡನೆ ಗಾದೆಗಳೂ ಇವೆ, ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳಿವೆ, ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂದೇಹಗಳಿಗೆ ಕೊಟ್ಟ ಉತ್ತರಗಳಿವೆ. ಇವನ್ನು ತೆರೆದು ನೋಡುವ ಅಭ್ಯಾಸ ಬೇಕು.

ಆದರೆ ನಿಘಂಟಿಗಿಂತ ಹತ್ತಿರದ ಆಕರ ಹೊರನಾಡ ಕನ್ನಡಿಗರಾದ ನಮ್ಮಲ್ಲಿಯೇ ಇದೆ. ಕರ್ನಾಟಕದ ಒಂದು ಊರಿನ ಕಾಲೇಜಿನಲ್ಲಿ ಸಾಮಾನ್ಯವಾಗಿ ಒಂದು ಸೀಮೆಯ ಕನ್ನಡ ಕೇಳಿಸುತ್ತದೆ. ನಮ್ಮ ತರಗತಿಯ ಒಂದೇ ಬೆಂಚಿನಲ್ಲಿ ಕುಂದಾಪುರ, ಕಾರವಾರ, ವಿಜಾಪುರ, ಕಲಬುರ್ಗಿ, ಸೊಲ್ಲಾಪುರಗಳ ಮಕ್ಕಳು ಕುಳಿತಿರುತ್ತಾರೆ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರೂ ಹೀಗೆಯೇ ಬೇರೆ ಬೇರೆ ಸೀಮೆಗಳಿಂದ ಬಂದವರು. ಇದನ್ನು ನಾವು ಇದುವರೆಗೆ ಒಂದು ತೊಡಕೆಂದು ಎಣಿಸಿ, ಎಲ್ಲರ ಮಾತನ್ನೂ ಒಂದೇ ಗ್ರಾಂಥಿಕ ಅಚ್ಚಿಗೆ ಹಾಕಲು ದುಡಿದೆವು. ನಾನೂ ದುಡಿದೆ, ಅದರ ಫಲವೇ ಆ ಕೆಂಪು ಶಾಯಿಯ ಸುತ್ತು.

ಆದುದರಿಂದ ನಮ್ಮ ವಿಭಾಗಕ್ಕೂ ಸೋದರ ವಿಭಾಗಗಳಿಗೂ ನನ್ನ ಸೂಚನೆಗಳು ಎರಡು. ಭಾಷಾಂತರದ ಪತ್ರಿಕೆಯಲ್ಲಿ ನುಡಿಗಟ್ಟನ್ನು ಕೊಟ್ಟು ‘ಅನುವಾದಿಸಿರಿ’ ಎಂದು ಕೇಳುವುದನ್ನು ಬಿಟ್ಟು, ‘ಈ ಸಂದರ್ಭದಲ್ಲಿ ನಿಮ್ಮ ಮನೆಯ ಹಿರಿಯರು ಏನೆನ್ನುವರು?’ ಎಂದು ಕೇಳಬೇಕು. ಬಂದ ಉತ್ತರ ಯಾವ ಸೀಮೆಯದಾದರೂ, ಅರ್ಥ ಹೊಂದಿದರೆ, ಪೂರ್ಣ ಅಂಕ ಸಲ್ಲಬೇಕು. ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ತನ್ನ ಮನೆಯವರಿಂದ ನೂರು ನುಡಿಗಟ್ಟುಗಳನ್ನು, ಅವು ಬಳಕೆಯಾದ ಸಂದರ್ಭ, ಹೇಳಿದವರ ಊರು, ವೃತ್ತಿ ಇವುಗಳೊಡನೆ ಬರೆದು ಒಪ್ಪಿಸುವುದನ್ನು ಅಧ್ಯಯನದ ಅಂಗವಾಗಿಸಬೇಕು. ಹತ್ತು ವರ್ಷಗಳಲ್ಲಿ ಅದು ಹೊರನಾಡ ಕನ್ನಡದ ಒಂದು ಕೋಶವಾಗಿ ರೂಪುಗೊಳ್ಳಬಲ್ಲದು. ಹೇಳಬಲ್ಲ ಅಜ್ಜಅಜ್ಜಿಯರು ಹತ್ತು ವರ್ಷ ಕಾಯಲಾರರು ಎಂಬುದನ್ನೂ ನಾವು ನೆನಪಿನಲ್ಲಿಡಬೇಕು.

ಆ ವಿದ್ಯಾರ್ಥಿನಿ ಈಗ ಎಲ್ಲಿರುವಳೋ ಅರಿಯೆ. ಈ ಸಂಪುಟ ಆಕೆಯ ಕೈಸೇರಿದರೆ, ಉಳಿದ ಅರ್ಧ ಅಂಕವನ್ನು ಇಲ್ಲಿ ಸಲ್ಲಿಸಿದ್ದೇನೆಂದು ತಿಳಿಯಲಿ. ಅಂದಿನ ನನ್ನ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಲಿ.